ಬೀಸಲಿಕ್ಕೆ ಬಂದ ಅಕ್ಕಿ

2020ರ ಯುಗಾದಿ ಮಾರ್ಚ್ 25ಕ್ಕೆ ಬಂತು, ಲಾಕ್‌ಡೌನ್ ಶುರುವಾದದ್ದೂ ಅವತ್ತೇ. ಧಾರವಾಡದ ಹಾಸ್ಟೆಲ್‌ನಿಂದ ಇಳಕಲ್ಲಿಗೆ ಬಂದಿದ್ದ ನಾನು ಬೇವು-ಬೆಲ್ಲ ತಿಂದು ಮಲಗಿದವನು, ಮರುದಿನ ನಮ್ಮ ಹಿಟ್ಟಿನ ಗಿರಣಿಯ ಮಾಲಕನಾಗಿ ಎದ್ದೆ. ಅಪ್ಪನಿಗೆ ಅರವತ್ತು ದಾಟಿದೆ, ಮೇಲೆ ಸಕ್ಕರೆ ಕಾಯಿಲೆ. ಹೊರಗೆ ಕಾಲಿಡಕೂಡದು ಎಂದು ಅವ್ವ ಕಡ್ಡಿ ಮುರಿದಂತೆ ಹೇಳಿದ್ದಳು.

ನಮ್ಮ ಓಣಿಯಲ್ಲಿ ಹೆಚ್ಚಿನವು ಕುಣಿಮಗ್ಗದ, ಅಂದರೆ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವ ಕೈಮಗ್ಗದ, ಮನೆಗಳು. ಮಗ್ಗದ ಮೇಲಿದ್ದ ಹಾಸು ಮುಗಿಯುವವರೆಗೆ ನೇಯ್ದರು. ಆಮೇಲೆ ನೂಲಿಲ್ಲ, ರೇಷ್ಮೆಯಿಲ್ಲ, ಮಹಾರಾಷ್ಟ್ರಕ್ಕೆ ಸೀರೆ ಒಯ್ಯುವ ವ್ಯಾಪಾರಿಗಳೂ ಇಲ್ಲ. ಮಗ್ಗ ನೇಕಾರರ ಮನೆಯಲ್ಲಿರುತ್ತದೆ, ನೂಲು ಮಾಲಕರದ್ದು. ಸೀರೆಗಿಷ್ಟು ಅಂತ ಮಜೂರಿ. ಸೀರೆ ಇಳಿಯದಿದ್ದರೆ ಮಜೂರಿಯೂ ಇಲ್ಲ. ಅದೂ ಮದುವೆ ಸುಗ್ಗಿಯಲ್ಲಿ.

ಯಾರ ಮನೆಯಲ್ಲಿ ಎಷ್ಟು ಉಳಿದಿದೆ ಅನ್ನುವುದು ಗಿರಣಿಯ ತಕ್ಕಡಿಗೆ ಮೊದಲು ಗೊತ್ತಾಗುತ್ತದೆ. 10 ಕಿಲೋ ಬರುತ್ತಿದ್ದ ಡಬ್ಬಿ 5ಕ್ಕೆ ಇಳಿಯಿತು, ಏಪ್ರಿಲ್ ಅರ್ಧವಾಗುವ ಹೊತ್ತಿಗೆ 3ಕ್ಕೆ. ಆಮೇಲೆ ಜೋಳದೊಳಗೆ ಅಕ್ಕಿ ಕಾಣಿಸಿಕೊಂಡಿತು.

ಅಕ್ಕಿಗೆ ಬರ ಇರಲಿಲ್ಲ, ಅದನ್ನು ಹೇಳಲೇಬೇಕು. ಎರಡು ತಿಂಗಳ ರೇಷನ್ ಏಪ್ರಿಲ್‌ನಲ್ಲೇ ಒಮ್ಮೆಗೇ ಕೊಟ್ಟರು, ಕೇಂದ್ರದಿಂದಲೂ ತಲೆಗೆ 5 ಕಿಲೋ ಬಂತು. ಆದರೆ ನಮ್ಮ ಕಡೆ ಹೊಟ್ಟೆ ತುಂಬಬೇಕಾದರೆ ರೊಟ್ಟಿಯೇ ಆಗಬೇಕು. ರೊಟ್ಟಿಗೆ ಒಂದು ಉಳ್ಳಾಗಡ್ಡಿ, ಚಿಟಿಕೆ ಖಾರಪುಡಿ ಇದ್ದರೂ ಊಟ ಸಾಗುತ್ತದೆ. ಅನ್ನಕ್ಕೆ ಸಾರು ಬೇಕು, ಸಾರಿಗೆ ಬೇಳೆ, ಎಣ್ಣೆ ಬೇಕು. ಆರು ಮಂದಿಯ ಮನೆಗೂ ಕಾರ್ಡಿಗೆ ತಿಂಗಳಿಗೆ 1 ಕಿಲೋ ಬೇಳೆ, ಅಂದರೆ ದಿನಕ್ಕೊಂದು ಮುಷ್ಟಿ. ಹೀಗಾಗಿ ಹೆಂಗಸರು ಅಕ್ಕಿಯನ್ನು ಜೋಳಕ್ಕೆ ಬೆರೆಸಿ ತಂದು, ಇದ್ದ ಜೋಳವನ್ನೇ ನಾಲ್ಕು ದಿನ ಹೆಚ್ಚಿಗೆ ಎಳೆಯುತ್ತಿದ್ದರು.

ಇದೆಲ್ಲ ಈಗ ತಿಳಿದದ್ದು. ಅವತ್ತು ನನಗೆ ಕಂಡದ್ದು ಬರೀ ಹಿಟ್ಟು.

ಗಿರಣಿಯ ಮುಂದೆ ಸುಣ್ಣದಲ್ಲಿ ದುಂಡಗೆ ಗೆರೆ ಹಾಕಿದ್ದೆ. ಎಲ್ಲರೂ ದೂರ ದೂರ, ಮೂಗಿಗೆ ಸೆರಗು. ಹಿಂದಿನ ಮನೆಯ ಅಕ್ಕನ ಪಾಳಿ ಬಂತು. ಡಬ್ಬಿಯ ಮುಚ್ಚಳ ತೆಗೆದರೆ ಅರ್ಧಕ್ಕರ್ಧ ಅಕ್ಕಿ. ಗಿರಣಿಯ ಸಪ್ಪಳದಲ್ಲಿ ಕೇಳಿಸಲೆಂದು ಕೂಗಿಯೇ ಹೇಳಿದೆ, “ಯಕ್ಕಾ, ಇದರಾಗ ಅಕ್ಕೀನ ಭಾಳ ಐತಲ್ಲ! ಹಿಟ್ಟಿಗೆ ಜಿಗಿ ಬರೂದಿಲ್ಲ, ರೊಟ್ಟಿ ಹರೀತಾವು.”

ಪಾಳಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಕೆ ಸೆರಗನ್ನು ಇನ್ನಷ್ಟು ಎಳೆದುಕೊಂಡು, “ಹುಡುಗೂರು ಕೈಯಾಡಿಸ್ಯಾವಪಾ, ಕೂಡಿಬಿಟ್ಟೈತಿ” ಅಂದಳು. ಬೀಸಿದ ಮೇಲೆ ಕೂಲಿ ಎಣಿಸಿಟ್ಟು ಹೋದಳು. ಆ ಮೇಲೆ ಬರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಗುತ್ತಲೇ ಅಪ್ಪನಿಗೆ ಹೇಳಿದೆ. ಅಪ್ಪ ತುತ್ತು ತಾಟಿನಲ್ಲೇ ಬಿಟ್ಟ. “ಮೂವತ್ತು ವರ್ಷ ಗಿರಣಿ ಹೊಡದೇನಿ, ಒಬ್ಬರ ಡಬ್ಬಿ ಬಗ್ಗೆ ಬಾಯಿ ಬಿಟ್ಟಿಲ್ಲ” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಅಂಥಾ ಡಬ್ಬಿ ಬಂದ್ರ ಚಲೋ ಜೋಳದವರ ಹಿಂದ ಹಚ್ಚು. ಬಟ್ಟಿ ಜಾಡಿಸಿ ಕೊಡು” ಅಂದ.

ಗಿರಣಿ ಗೊತ್ತಿದ್ದವರಿಗೆ ಇದು ತಿಳಿಯುತ್ತದೆ. ಕಲ್ಲುಗಳ ನಡುವೆ, ಹಿಟ್ಟು ಇಳಿಯುವ ಬಟ್ಟೆಯಲ್ಲಿ, ಹಿಂದಿನವರ ಹಿಟ್ಟು ಒಂದಿಷ್ಟು ಉಳಿದೇ ಇರುತ್ತದೆ. ಜಾಡಿಸಿದರೆ ಒಂದು ಬೊಗಸೆ ಮುಂದಿನವರ ಡಬ್ಬಿಗೆ ಬೀಳುತ್ತದೆ. ಇದ್ದವರ ಹಿಟ್ಟನ್ನು ಅವರಿಗೆ ಹೇಳದೆ ಇಲ್ಲದವರಿಗೆ ಹಾಕುವುದು ಕಳವೋ ದಾನವೋ, ನನಗೆ ಇನ್ನೂ ಬಗೆಹರಿದಿಲ್ಲ. ಲಾಕ್‌ಡೌನ್ ಉದ್ದಕ್ಕೂ ಜಾಡಿಸಿದೆ. ಯಾರಿಗಾಗಿ ಜಾಡಿಸಬೇಕಿತ್ತೋ ಆಕೆ ಮಾತ್ರ ಪಾಳಿಯಲ್ಲಿರಲಿಲ್ಲ.

ಬ್ಯಾಸಿಗೆ, ಮಾಳಿಗೆ ಮೇಲೆ ಮಲಗುತ್ತಿದ್ದೆವು. ಒಂದು ರಾತ್ರಿ ಹಿಂದಿನ ಮನೆಯಿಂದ ಗರಗರ ಸಪ್ಪಳ ಕೇಳಿತು. ಮಗ್ಗ ಮತ್ತೆ ಶುರುವಾಯಿತೇನೋ ಅಂದುಕೊಂಡೆ. ಅವ್ವ ಮಗ್ಗುಲು ಬದಲಿಸುತ್ತ, “ಬೀಸುಕಲ್ಲು ಅದು. ಅವರತ್ತಿ ಕಾಲದ್ದು” ಅಂದಳು. ಎಲ್ಲರೂ ಮಲಗಿದ ಮೇಲೆ ಆ ಅಕ್ಕ ಬೀಸುತ್ತಿದ್ದಳು. ಅವ್ವ ಒಂದು ಬುಟ್ಟಿ ಜೋಳ ಕೊಟ್ಟು ಕಳಿಸಿದಳು. ಬುಟ್ಟಿ ಹಾಗೇ ವಾಪಸು ಬಂತು, “ನಮ್ಮನ್ಯಾಗ ಐತಿ” ಅನ್ನುವ ಮಾತಿನೊಂದಿಗೆ.

ಜನಧನ ಖಾತೆಯ 500 ರೂಪಾಯಿ ಮೂರು ಸಲ ಬಂತು. ಕೈಮಗ್ಗದವರಿಗೆ 2,000 ಅಂತ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೇಳಿತು. ಅದು ಯಾರ್‍ಯಾರಿಗೆ ಯಾವಾಗ ಮುಟ್ಟಿತೋ, ಗಿರಣಿಯಲ್ಲಂತೂ ಆ ಬಗ್ಗೆ ದಿನಾ ಜಗಳ.

ಜುಲೈನಲ್ಲಿ ಅಲ್ಲೊಂದು ಇಲ್ಲೊಂದು ಮಗ್ಗ ಆಡತೊಡಗಿತು. ಒಂದು ಮುಂಜಾನೆ ಆಕೆ ಬಂದಳು, ತಲೆಯ ಮೇಲೆ ಡಬ್ಬಿ. ಪಾಳಿಯಲ್ಲಿ ಹತ್ತು ಮಂದಿ. ನಾನು ಕಣ್ಣು ತಗ್ಗಿಸಿ ಡಬ್ಬಿಗೆ ಕೈಹಾಕಿದೆ. ಆಕೆ ಬಿಡಲಿಲ್ಲ. ತಾನೇ ಮುಚ್ಚಳ ತೆಗೆದು ನನ್ನ ಮುಖದ ಮುಂದೆ ಹಿಡಿದಳು.

“ಚಂದಂಗ ನೋಡ್ಕೋ ತಮ್ಮಾ. ಇವತ್ತ ಅಕ್ಕಿ ಇಲ್ಲ.”