ದೋಣಿ ಕೆಲಸ, ನಾಲ್ಕನೇ ವಾರ: ಸವೆಯದ ಸತು

ದೋಣಿಯನ್ನು ಕೊನೆಗೂ ಮಗುಚಿದೆವು. 14 ಅಡಿ ಉದ್ದ, 3 ಎಂಎಂ ಉಕ್ಕಿನ ತಗಡು. ಬೆಳಗೊಳದ ಶೆಡ್ಡಿನಲ್ಲಿ ನಾಲ್ಕು ಜನ ಸೇರಿ ಹೊರಳಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು.

ತಳದ ತುಂಬಾ ತುಕ್ಕು ಹಕ್ಕಳೆ ಎದ್ದಿತ್ತು. ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಗಟ್ಟಿ ಜಾಗದಲ್ಲಿ ಟಣ್ ಎನ್ನುತ್ತದೆ, ತೆಳುವಾದ ಕಡೆ ಒಡೆದ ಮಡಕೆ ಸದ್ದು. ಎರಡು ಕಡೆ ಮೊಳೆ ಸಲೀಸಾಗಿ ಒಳಗೆ ಹೋಯಿತು!

ಆದರೆ ಉಕ್ಕಿಗೆ ತುಕ್ಕು ಹಿಡಿಯದಿರಲೆಂದು ತಳಕ್ಕೆ ಬೋಲ್ಟ್ ಮಾಡಿದ್ದ ಸತುವಿನ ಗಟ್ಟಿಗಳು ಮಾತ್ರ ಹೊಸದರ ಹಾಗೇ ಇದ್ದವು. ಹಿಂದಿನ ಮಾಲೀಕರು ಕರಾವಳಿಯಿಂದ ತಂದು ಹಾಕಿಸಿದ್ದಂತೆ. 'ಮೂರು ವರ್ಷವಾದರೂ ಸವೆದಿಲ್ಲ ನೋಡಿ' ಎಂದು ಹೆಮ್ಮೆಯಿಂದ ತೋರಿಸಿದ್ದರು. ನಾನೂ ತಲೆಯಾಡಿಸಿದ್ದೆ. ಆದರೆ ಸವೆಯುವುದೇ ಅದರ ಕೆಲಸ ಅಲ್ವಾ? ಉಕ್ಕು ಉಳಿಯಬೇಕಾದರೆ ಸತು ಕರಗಬೇಕು. ಅದು ಕರಗುವಾಗ ನೀರಿನ ಮೂಲಕ ಹರಿಯುವ ಸಣ್ಣ ಕರೆಂಟೇ ಉಕ್ಕನ್ನು ಕಾಪಾಡುವುದು. ಉಪ್ಪುನೀರಿನಲ್ಲಿ ಕರಗುತ್ತದೆ. ಕಾವೇರಿಯ ಸಿಹಿನೀರಿನಲ್ಲಿ ಕರೆಂಟ್ ಅಷ್ಟು ಸುಲಭವಾಗಿ ಹರಿಯುವುದಿಲ್ಲ. ಸತುವಿನ ಮೇಲೆ ಬೆಳ್ಳಗೆ ಪದರ ಕಟ್ಟಿ ಅದು ಸುಮ್ನೆ ಕೂತುಬಿಡುತ್ತದೆ. ಇಲ್ಲಿಗೆ ಬೇಕಾದ್ದು ಮೆಗ್ನೀಸಿಯಂ. ಉಕ್ಕನ್ನು ಕಾಪಾಡುವ ಅದರ ವೋಲ್ಟೇಜ್ ಸತುವಿನದಕ್ಕಿಂತ ತುಂಬಾ ಹೆಚ್ಚು.

ಮೆಗ್ನೀಸಿಯಂಗೆ ಎಲ್ಲೆಲ್ಲೋ ಅಲೆಯಬೇಕಾಗಿಲ್ಲ. ನೀರು ಕಾಯಿಸುವ ಗೀಸರ್ ಟ್ಯಾಂಕಿನೊಳಗಿನ ರಾಡ್ ಅದೇ. ಮೈಸೂರಿನ ಬಿಡಿಭಾಗದ ಅಂಗಡಿಯಲ್ಲಿ ನಾಲ್ಕು ತಂದೆ. ತೂತಿಗೆ ತೇಪೆ ಹಾಕಿಸುವಾಗಲೇ ರಾಡ್ ಕೂರಿಸಲು ನಟ್‌ಗಳನ್ನೂ ವೆಲ್ಡ್ ಮಾಡಿಸಿದೆ. ರಾಡು ಉಕ್ಕಿಗೆ ನೇರವಾಗಿ ತಾಗಿರಬೇಕು. ಮಧ್ಯೆ ಬಣ್ಣ ಬಂದರೆ ಎಲ್ಲಾ ವ್ಯರ್ಥ.

ಇನ್ನು ಬಣ್ಣದ ಕಥೆ. ಗ್ರೈಂಡರ್ ಹಿಡಿದು ಎರಡು ದಿನ ಉಜ್ಜಿ, ಥಿನ್ನರ್‌ನಲ್ಲಿ ಒರೆಸಿ, ಎಪಾಕ್ಸಿ ಪ್ರೈಮರ್ ಬಳಿದೆ. ಬೆಳಗ್ಗೆ ಬೇಗ ಬಳಿಯಬಾರದು. ತಗಡಿನ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಇರುತ್ತದೆ. ಇಬ್ಬನಿ ಕಟ್ಟುವ ತಾಪಕ್ಕಿಂತ ತಗಡು ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಅದಕ್ಕೇ ಹತ್ತು ಗಂಟೆವರೆಗೆ ಕಾದೆ. ಹನ್ನೊಂದಕ್ಕೆ ಪಕ್ಕದ ಆಲೆಮನೆ ಒಲೆ ಹೊತ್ತಿತು. ಹಸಿ ಪ್ರೈಮರ್ ಮೇಲೆ ಕಬ್ಬಿನ ರಚ್ಚಿನ ಕರಿ ಬೂದಿ, ಎಳ್ಳು ಎರಚಿದ ಹಾಗೆ. ಒಣಗಿಸಿ, ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಶುರು. ಈ ಸಲ ಟಾರ್ಪಾಲಿನ್ ಕಟ್ಟಿಕೊಂಡು.

ಎರಡು ಕೋಟ್ ಮುಗಿದಿದೆ, ಇನ್ನೊಂದು ಬಾಕಿ. ನಾಲ್ಕು ರಾಡನ್ನೂ ತೂಕ ಹಾಕಿ ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಆರು ತಿಂಗಳ ನಂತರ ಬಿಚ್ಚಿ ಮತ್ತೆ ತೂಗುತ್ತೇನೆ. ತೂಕ ಇಳಿದಿರಲಿ ಅಂತ ಈಗಿಂದಲೇ ಆಸೆ.