ಕಣ್ಣಿನ ಸಾಮು

ಬಿ.ಎ. ತರಗತಿಯಲ್ಲಿ ಇತಿಹಾಸವನ್ನು ಆರಿಸಿಕೊಂಡಿದ್ದ ನಾವೆಲ್ಲರೂ ಆ ಪಾಠಕ್ಕೆಂದು ಎರಡು ಪುಸ್ತಕಗಳನ್ನು ಇಟ್ಟುಕೊಳ್ಳಬೇಕಾಗಿತ್ತು. ಒಂದು ಎಲ್ಲರಲ್ಲಿಯೂ ಇರುವಂಥ ನೋಟ್ಸಿನ ಪುಸ್ತಕ. ಇನ್ನೊಂದು ನೂರು ಪುಟದ ತೆಳುವಾದ ಪುಸ್ತಕ. ಅದರ ಪ್ರತಿ ಪುಟದ ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಎಳೆದು, ಎಡಕ್ಕೆ ‘ಕಂಡದ್ದು’ ಎಂದೂ ಬಲಕ್ಕೆ ‘ಅಂದುಕೊಂಡದ್ದು’ ಎಂದೂ ಬರೆದುಕೊಂಡು ಬರಬೇಕೆಂದು ಗುರುಗಳು ಮೊದಲ ದಿನವೇ ಹೇಳಿದ್ದರು. 1993ರಿಂದ 1996ರವರೆಗಿನ ಮೂರು ವರ್ಷಗಳಲ್ಲಿ ನಾನು ಅಂಥ ನಾಲ್ಕು ಪುಸ್ತಕಗಳನ್ನು ತುಂಬಿದೆ. ನೋಟ್ಸಿನ ಪುಸ್ತಕಗಳು ಎಲ್ಲಿ ಹೋದವೋ ತಿಳಿಯದು. ಈ ನಾಲ್ಕು ಮಾತ್ರ ಉಳಿದಿವೆ. ಅವುಗಳನ್ನು ಮುಂದಿಟ್ಟುಕೊಂಡೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಗಂಟೆ ಬಾರಿಸಿದ ಕೂಡಲೇ ಗುರುಗಳು ಹಾಜರಿಯನ್ನೂ ಕರೆಯದೆ ಒಂದು ರಟ್ಟನ್ನು ಕರಿಹಲಗೆಯ ಅಂಚಿಗೆ ಒರಗಿಸಿ ನಿಲ್ಲಿಸುತ್ತಿದ್ದರು. ಹಳೆಯ ಕ್ಯಾಲೆಂಡರುಗಳಿಂದಲೂ ರದ್ದಿ ಅಂಗಡಿಯಲ್ಲಿ ಸಿಕ್ಕ ಪತ್ರಿಕೆಗಳಿಂದಲೂ ಕತ್ತರಿಸಿದ ಚಿತ್ರಗಳನ್ನು ಗೋಂದು ಹಚ್ಚಿ ಅಂಟಿಸಿದ ರಟ್ಟುಗಳವು. ಚಿತ್ರ ಯಾರದು, ಯಾವ ದೇಶದ್ದು, ಯಾವ ಕಾಲದ್ದು ಎಂಬ ಯಾವ ಮಾತನ್ನೂ ಅವರು ಆಡುತ್ತಿರಲಿಲ್ಲ. ಒಂದೊಂದು ಬೆಂಚಿನವರು ಎದ್ದು ಹತ್ತಿರ ಹೋಗಿ ನೋಡಿ ಬರಬೇಕು, ಬಂದು ಕುಳಿತು ಬರೆಯಬೇಕು. ಏಳು ನಿಮಿಷವಾದ ಮೇಲೆಯೇ ಪಾಠ ಆರಂಭವಾಗುತ್ತಿತ್ತು. ನಮ್ಮ ಭಾಗದಲ್ಲಿ ಗರಡಿಮನೆಯಲ್ಲಿ ಕುಸ್ತಿಗೆ ಇಳಿಯುವ ಮುನ್ನ ಮೈ ಸಡಿಲಗೊಳ್ಳಲೆಂದು ಸಾಮು ತೆಗೆಯುವುದು ಎಲ್ಲರಿಗೂ ಗೊತ್ತಿದ್ದುದರಿಂದ, ಗರಡಿಗೆ ಹೋಗುತ್ತಿದ್ದ ಗೆಳೆಯನೊಬ್ಬ ಈ ಏಳು ನಿಮಿಷಕ್ಕೆ ‘ಕಣ್ಣಿನ ಸಾಮು’ ಎಂದು ಹೆಸರಿಟ್ಟ. ವರ್ಷ ಮುಗಿಯುವುದರೊಳಗೆ ಗುರುಗಳೂ ಅದೇ ಹೆಸರಿನಿಂದ ಕರೆಯತೊಡಗಿದ್ದರು.

ಎರಡು ಅಂಕಣಗಳ ನಡುವಿನ ಗೆರೆ ಎಷ್ಟು ಬಿಗಿಯಾದದ್ದು ಎಂಬುದು ನನಗೆ ತಿಳಿದದ್ದು ಯಾನ್ ವಾನ್ ಐಕ್ 1434ರಲ್ಲಿ ಬರೆದ ಅರ್ನೊಲ್ಫಿನಿ ದಂಪತಿಯ ಚಿತ್ರದ ದಿನ. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ಚಿತ್ರದಲ್ಲಿ ಒಬ್ಬ ಗಂಡಸು ಮತ್ತು ಹಸಿರು ನಿಲುವಂಗಿಯ ಒಬ್ಬ ಹೆಂಗಸು ಕೈ ಹಿಡಿದು ನಿಂತಿದ್ದಾರೆ. ನಡುವೆ ಒಂದು ನಾಯಿ, ಕಿಟಕಿಯ ಬಳಿ ಹಣ್ಣುಗಳು, ತೂಗುದೀಪದಲ್ಲಿ ಹಗಲಿನಲ್ಲೂ ಉರಿಯುತ್ತಿರುವ ಒಂದೇ ಒಂದು ಮೇಣದಬತ್ತಿ, ಹಿಂದಿನ ಗೋಡೆಯಲ್ಲಿ ಒಂದು ಗುಂಡು ಕನ್ನಡಿ. ನಾವು ಬಹುತೇಕ ಎಲ್ಲರೂ ಎಡಗಡೆಯ ಅಂಕಣದಲ್ಲಿ ‘ಗರ್ಭಿಣಿ’ ಎಂದು ಬರೆದಿದ್ದೆವು. ಗುರುಗಳು ಪುಸ್ತಕಗಳನ್ನು ನೋಡುತ್ತ ಬಂದು, ಆ ಶಬ್ದವನ್ನು ಹೊಡೆದು ಹಾಕಿ ಬಲಗಡೆಗೆ ಬರೆದುಕೊಳ್ಳುವಂತೆ ಒಬ್ಬೊಬ್ಬರಿಗೂ ಹೇಳಿದರು. “ಏನು ಕಾಣತೈತಿ, ಅಷ್ಟ ಹೇಳವ್ವಾ” ಎಂದು ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದಾಗ ಆಕೆ ಮತ್ತೊಮ್ಮೆ ಎದ್ದು ಹೋಗಿ ನೋಡಿ, “ನೆರಿಗಿ ಎತ್ತಿ ಹಿಡದಾಳ್ರಿ ಸರ್” ಎಂದಳು. ನೆಲಕ್ಕೆ ಹರಡಿದ ಭಾರವಾದ ಬಟ್ಟೆಯನ್ನು ಹೊಟ್ಟೆಯ ಮುಂದೆ ಒಟ್ಟುಗೂಡಿಸಿ ಹಿಡಿದಿರುವುದಷ್ಟೇ ಆ ಚಿತ್ರದಲ್ಲಿ ಕಾಣುವ ಸಂಗತಿ. ಆ ಕಾಲದ ಸಿರಿವಂತ ಹೆಂಗಸರ ಉಡುಪಿನ ರೀತಿಯೇ ಹಾಗಿತ್ತೆಂದು ಅವರು ಆಮೇಲೆ ವಿವರಿಸಿದರು. ಕನ್ನಡಿಯೊಳಗೆ ಇನ್ನಿಬ್ಬರು ಬಾಗಿಲಲ್ಲಿ ನಿಂತಿರುವುದನ್ನು ಆ ಮೊದಲ ಏಳು ನಿಮಿಷದಲ್ಲಿ ನಮ್ಮಲ್ಲಿ ಒಬ್ಬರೂ ಕಂಡಿರಲಿಲ್ಲ. ಇಲ್ಲದ ಕೂಸನ್ನು ಕಂಡ ನಾವು ಇದ್ದ ಇಬ್ಬರನ್ನು ಕಾಣದೆ ಹೋಗಿದ್ದೆವು.

ಎಲ್ಲ ದಿನಗಳೂ ಹೀಗೆ ನೋಡಿ ಬರೆಯುವುದರಲ್ಲೇ ಕಳೆಯುತ್ತಿರಲಿಲ್ಲ. ಕೆಲವು ದಿನ ಅಳತೆಯ ಸಾಮು ಇರುತ್ತಿತ್ತು. ಪುಸ್ತಕದಲ್ಲಿ ಅಚ್ಚಾದ ಚಿತ್ರಗಳೆಲ್ಲ ಒಂದೇ ಅಂಗೈಯಗಲ ಇರುವುದರಿಂದ ಚಿತ್ರದ ನಿಜವಾದ ಗಾತ್ರ ನಮಗೆ ತಿಳಿಯುವುದೇ ಇಲ್ಲ ಎಂಬುದು ಗುರುಗಳ ಕೊರಗಾಗಿತ್ತು. ಒಂದು ಬೆಳಿಗ್ಗೆ ಅವರು ನಮ್ಮನ್ನು ಕಾಲೇಜಿನ ಹಿಂದಿನ ವಾಲಿಬಾಲ್ ಮೈದಾನಕ್ಕೆ ಕರೆದೊಯ್ದು, ಟೇಪು ಹಿಡಿಸಿ, ಸುಣ್ಣದ ಪುಡಿಯಿಂದ 7.76 ಮೀಟರ್ ಉದ್ದ, 3.49 ಮೀಟರ್ ಅಗಲದ ಒಂದು ಚೌಕವನ್ನು ಎಳೆಸಿದರು. ಅದರ ಒಂದು ಮೂಲೆಯಲ್ಲಿ 77 ಸೆಂಟಿಮೀಟರ್‌ಗೆ 53 ಸೆಂಟಿಮೀಟರಿನ ಇನ್ನೊಂದು ಪುಟ್ಟ ಚೌಕ. ಚಿಕ್ಕದು ಮೋನಾಲಿಸಾ, ದೊಡ್ಡದು ಪಿಕಾಸೊನ ‘ಗೆರ್ನಿಕಾ’. ನಾವು ಮೂವತ್ತೆರಡು ಮಂದಿಯೂ ಆ ದೊಡ್ಡ ಚೌಕದೊಳಗೆ ನಿಂತೆವು, ಇನ್ನೂ ಜಾಗ ಉಳಿದಿತ್ತು. ಅದರೊಳಗೆ ನಿಂತುಕೊಂಡೇ ರಟ್ಟಿನ ಮೇಲಿನ ಚಿತ್ರವನ್ನು ಕೈಯಿಂದ ಕೈಗೆ ದಾಟಿಸಿದೆವು: ಸತ್ತ ಕೂಸನ್ನು ಎತ್ತಿಕೊಂಡು ಅರಚುವ ತಾಯಿ, ಗೂಳಿ, ಬಾಯಿ ತೆರೆದ ಕುದುರೆ, ಮೇಲೊಂದು ವಿದ್ಯುದ್ದೀಪ, ಬಿಳಿ ಕಪ್ಪು ಬೂದಿಯ ಹೊರತು ಬೇರೆ ಬಣ್ಣವಿಲ್ಲ. 1937ರ ಏಪ್ರಿಲ್ 26ರಂದು, ಸೋಮವಾರದ ಸಂತೆಯ ದಿನ, ಸ್ಪೇನಿನ ಬಾಸ್ಕ್ ಪ್ರದೇಶದ ಆ ಪಟ್ಟಣದ ಮೇಲೆ ಅಲ್ಲಿನ ಅಂತರ್ಯುದ್ಧದಲ್ಲಿ ಸರ್ಕಾರದ ವಿರುದ್ಧ ದಂಗೆಯೆದ್ದಿದ್ದ ಸೇನಾಪತಿ ಫ್ರಾಂಕೊನ ಪರವಾಗಿ ಬಂದ ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಬಾಂಬು ಸುರಿದವು ಎಂದು ಪಾಠದಲ್ಲಿ ಕೇಳಿದ ಮೇಲೆ ಪುಸ್ತಕ ತೆರೆದು ನೋಡಿದರೆ, ನಮ್ಮ ಎಡಗಡೆಯ ಅಂಕಣದಲ್ಲಿ ವಿಮಾನವೂ ಇರಲಿಲ್ಲ, ಬಾಂಬೂ ಇರಲಿಲ್ಲ. ಚಿತ್ರಕಾರ ಅವನ್ನು ಬರೆದೇ ಇಲ್ಲ. ಬಾಂಬು ಬಿದ್ದವರು ಮಾತ್ರ ಅಲ್ಲಿದ್ದಾರೆ. ಆ ದಿನ ಪಾಠ ಮುಗಿದರೂ ಯಾರೂ ಗದ್ದಲ ಮಾಡದೆ ಕೋಣೆಯಿಂದ ಹೊರಬಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

ಕೇಳಿ ಬರೆಯುವ ಸಾಮು ಇನ್ನೊಂದು ಬಗೆಯದು. ಗುರುಗಳು ಒಂದು ಪ್ರಾಣಿಯ ವರ್ಣನೆಯನ್ನು ಹೆಸರು ಹೇಳದೆ ನಿಧಾನವಾಗಿ ಹೇಳಿದರು. ಆನೆಯಷ್ಟು ಎತ್ತರವಿಲ್ಲ, ಕಾಲು ಗಿಡ್ಡ, ಮೈಯೆಲ್ಲ ದಪ್ಪ ತೊಗಲಿನ ಹಲಗೆಗಳು, ಮೂಗಿನ ಮೇಲೆ ಕೊಂಬು. ಕೇಳಿದಂತೆ ನಾವು ಚಿತ್ರ ಬಿಡಿಸಿದೆವು. ಕೆಲವರದು ಆಮೆಯಾಯಿತು, ಕೆಲವರದು ಹಂದಿಯಾಯಿತು. ಬಳಿಕ ಅವರು ತೋರಿಸಿದ್ದು ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ 1515ರಲ್ಲಿ ಮಾಡಿದ ಘೇಂಡಾಮೃಗದ ಮರದಚ್ಚಿನ ಚಿತ್ರವನ್ನು. ಡ್ಯೂರರ್ ಆ ಪ್ರಾಣಿಯನ್ನು ಕಣ್ಣಿನಿಂದ ನೋಡಿದವನಲ್ಲ. ಗುಜರಾತಿನ ಸುಲ್ತಾನ ಉಡುಗೊರೆಯಾಗಿ ಕೊಟ್ಟದ್ದನ್ನು ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್ ಗೋವೆಯಿಂದ ಹಡಗಿನಲ್ಲಿ ತನ್ನ ದೊರೆ ಮನುಯೆಲ್‌ಗೆ ಕಳುಹಿಸಿದ. ಅದು 1515ರ ಮೇ 20ರಂದು ಲಿಸ್ಬನ್ ತಲುಪಿತು. ಅಲ್ಲಿಂದ ಬಂದ ಪತ್ರವನ್ನೂ ಒಂದು ಕರಡು ಚಿತ್ರವನ್ನೂ ನೆಚ್ಚಿಕೊಂಡು ಡ್ಯೂರರ್ ತನ್ನ ಚಿತ್ರವನ್ನು ರಚಿಸಿದ. ತೊಗಲಿನ ಮಡಿಕೆಗಳು ಯೋಧನ ಕವಚದಂತಾದವು, ಹೆಗಲಿನ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬು ಮೂಡಿತು. ಆ ಕವಚವನ್ನೂ ಆ ಕೊಂಬನ್ನೂ ಯುರೋಪಿನ ಜನ ಬಹಳ ಕಾಲ ನಿಜವೆಂದೇ ನಂಬಿದರು. ಪೋಪನಿಗೆ ಉಡುಗೊರೆಯಾಗಿ ಮತ್ತೆ ಹಡಗು ಹತ್ತಿದ ಆ ಮೂಕಪ್ರಾಣಿ 1516ರ ಆರಂಭದಲ್ಲಿ ಇಟಲಿಯ ಕರಾವಳಿಯಲ್ಲಿ ಹಡಗು ಮುಳುಗಿ ಸತ್ತಿತು. ಗೋವೆಯು 1510ರವರೆಗೆ ನಮ್ಮ ಪಕ್ಕದ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು ಎಂಬುದನ್ನು ಗುರುಗಳು ನಕ್ಷೆಯಲ್ಲಿ ತೋರಿಸಿದಾಗ, ಪೋರ್ಚುಗೀಸರ ಆಗಮನ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಐದು ಅಂಶಗಳು ನಿಜವಾಗಿ ನಡೆದ ಸಂಗತಿಗಳೆಂದು ನನಗೆ ಮೊದಲ ಬಾರಿಗೆ ಅನ್ನಿಸಿತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ‘ಅದೇ ವರ್ಷ’ ಎಂಬ ಸಾಮು. ಕರಿಹಲಗೆಯ ಮೇಲೆ ಒಂದು ಇಸವಿಯನ್ನು ಮಾತ್ರ ಬರೆದು, ಆ ವರ್ಷ ನಮ್ಮಲ್ಲಿ ಏನು, ಬೇರೆಡೆ ಏನು ಎಂದು ಕೇಳುತ್ತಿದ್ದರು. 1509 ಎಂದರೆ ಕೃಷ್ಣದೇವರಾಯ ಸಿಂಹಾಸನವೇರಿದ ವರ್ಷ. ಅದೇ ವರ್ಷ ರೋಮಿನಲ್ಲಿ ಮೈಕೆಲೇಂಜೆಲೊ ಅಟ್ಟಣಿಗೆಯ ಮೇಲೆ ನಿಂತು ಕತ್ತು ಮೇಲೆತ್ತಿ ಸಿಸ್ಟೀನ್ ಪ್ರಾರ್ಥನಾಮಂದಿರದ ಚಾವಣಿಗೆ ಚಿತ್ರ ಬರೆಯುತ್ತಿದ್ದ. 578 ಎಂದರೆ ಬಾದಾಮಿಯ ಮೂರನೆಯ ಗುಹೆಯ ಶಾಸನ. ಆ ವೇಳೆಗೆ ಕಾನ್‌ಸ್ಟಾಂಟಿನೋಪಲ್ಲಿನ, ಅಂದರೆ ಈಗಿನ ಇಸ್ತಾನ್‌ಬುಲ್ಲಿನ, ಹಾಗಿಯಾ ಸೋಫಿಯಾ ಎಂಬ ಚರ್ಚನ್ನು ಕಟ್ಟಿ ಮುಗಿದು ನಲವತ್ತೊಂದು ವರ್ಷಗಳಾಗಿದ್ದವು. ಇತಿಹಾಸವನ್ನು ಒಂದೊಂದು ದೇಶಕ್ಕೆ ಒಂದೊಂದು ಡಬ್ಬಿಯಂತೆ ಓದಿದವರಿಗೆ ಈ ಲೆಕ್ಕ ಸುಲಭವಾಗಿ ಹೊಳೆಯುವುದಿಲ್ಲ. ನಮಗೂ ಹೊಳೆಯುತ್ತಿರಲಿಲ್ಲ.

1565 ಎಂದು ಬರೆದ ದಿನ ಉತ್ತರ ಹೇಳಲು ಎಲ್ಲರೂ ಕೈ ಎತ್ತಿದೆವು. ನನ್ನ ಊರು ಕೃಷ್ಣೆಯ ದಂಡೆಯದು. ರಕ್ಕಸಗಿ, ತಂಗಡಗಿ ನಮಗೆ ಬೀಗರ ಊರುಗಳು. ಜನವರಿಯಲ್ಲಿ ನಡೆದ, ವಿಜಯನಗರ ಸೋತ ಆ ತಾಳಿಕೋಟೆಯ ಯುದ್ಧವನ್ನೂ ಅಳಿಯ ರಾಮರಾಯನ ಕೊನೆಯನ್ನೂ ನಾನು ಎದ್ದುನಿಂತು ಹೇಳಿದೆ. ಆಗ ಗುರುಗಳು ಒಂದು ರಟ್ಟನ್ನು ನಿಲ್ಲಿಸಿದರು. ಬೆನ್ನು ತೋರಿಸಿ ನಡೆಯುತ್ತಿರುವ ಮೂವರು, ತಲೆ ಬಗ್ಗಿಸಿದ ನಾಯಿಗಳು, ಒಬ್ಬನ ಹೆಗಲ ಮೇಲಿನ ಈಟಿಗೆ ತೂಗುಬಿದ್ದ ಒಂದೇ ಒಂದು ನರಿ, ಎಲೆ ಉದುರಿದ ಮರಗಳು, ದೂರದಲ್ಲಿ ಹಸಿರು ಛಾಯೆಯ ಗಟ್ಟಿ ನೀರಿನ ಮೇಲೆ ಆಡುತ್ತಿರುವ ಪುಟ್ಟ ಪುಟ್ಟ ಜನ. ನಾನು ಎಡಗಡೆ ‘ಹಿಮ’ ಎಂದು ಬರೆದಿದ್ದೆ. ಗುರುಗಳು ಅದನ್ನೂ ಬಲಕ್ಕೆ ಕಳುಹಿಸಿದರು. ನೀನು ಹಿಮವನ್ನು ಎಂದಾದರೂ ನೋಡಿದ್ದೀಯಾ, ನೀನು ಕಂಡದ್ದು ಬಿಳಿಯ ನೆಲ ಎಂದರು. ನಿಜ, ನಮ್ಮ ಸೀಮೆಯಲ್ಲಿ ಬಿಳಿಯ ನೆಲ ಎಂದರೆ ಸವಳು. ಅದು ಪೀಟರ್ ಬ್ರೂಗಲ್ ಎಂಬ ಫ್ಲೆಮಿಶ್ (ಈಗಿನ ಬೆಲ್ಜಿಯಂ ಕಡೆಯ) ಚಿತ್ರಕಾರ 1565ರಲ್ಲಿ ಬರೆದ ‘ಹಿಮದಲ್ಲಿ ಬೇಟೆಗಾರರು’ ಎಂಬ ಚಿತ್ರ, ಈಗ ವಿಯೆನ್ನಾದ ಕಲಾ ಸಂಗ್ರಹಾಲಯದಲ್ಲಿದೆ. 1564–65ರ ಚಳಿಗಾಲ ಯುರೋಪಿನಲ್ಲಿ ವಿಪರೀತ ಕಠೋರವಾಗಿತ್ತು. ನಮ್ಮ ಊರ ಮಗ್ಗುಲಲ್ಲಿ ಒಂದು ಸಾಮ್ರಾಜ್ಯದ ದಂಡು ಮುರಿದು ಬಿದ್ದ ಅದೇ ಚಳಿಗಾಲದಲ್ಲಿ, ಆ ಯುದ್ಧದ ಸುದ್ದಿಯೇ ಇಲ್ಲದ ಒಂದು ನಾಡಿನಲ್ಲಿ ಜನ ಒಂದು ನರಿಗಾಗಿ ದಿನವಿಡೀ ಅಲೆದು ದಣಿಯುತ್ತಿದ್ದರು ಎಂಬ ಯೋಚನೆ ನನ್ನನ್ನು ಹಲವು ದಿನ ಬಿಡಲಿಲ್ಲ. ಇಂದಿಗೂ ತಂಗಡಗಿಯ ದಾರಿಯಲ್ಲಿ ಬಸ್ಸು ಹೋಗುವಾಗ ನನಗೆ ಆ ಮೂವರ ಬೆನ್ನು ಕಣ್ಣಿಗೆ ಕಟ್ಟುತ್ತದೆ.

ಈ ಸಾಮಿನ ಬಗೆಗೆ ಅಸಮಾಧಾನ ಇರಲಿಲ್ಲವೆಂದು ಬರೆದರೆ ತಪ್ಪಾಗುತ್ತದೆ. ದಿನಕ್ಕೆ ಏಳು ನಿಮಿಷವೆಂದರೆ ವಾರಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಎಂದು ಲೆಕ್ಕ ಹಾಕಿ, ಪಠ್ಯ ಮುಗಿಯುವುದಿಲ್ಲವೆಂದು ಎರಡನೆಯ ವರ್ಷ ಕೆಲವರು ದೂರು ಒಯ್ದಿದ್ದರು. ಪಠ್ಯ ಪ್ರತಿ ವರ್ಷವೂ ಮುಗಿಯಿತು. ಗುರುಗಳು ಭಾನುವಾರ ಬೆಳಿಗ್ಗೆ ಹೆಚ್ಚಿನ ತರಗತಿ ತೆಗೆದುಕೊಂಡು ಮುಗಿಸಿದರು. ನನ್ನ ಮನಸ್ಸಿನಲ್ಲಿ ಉಳಿದ ಕೊರತೆ ಬೇರೆಯದು. ನನ್ನ ನಾಲ್ಕು ಪುಸ್ತಕಗಳನ್ನು ತಿರುವಿದರೆ ಯುರೋಪೇ ಹೆಚ್ಚಾಗಿದೆ. ಈಜಿಪ್ಟನ್ನು ಬಿಟ್ಟರೆ ಆಫ್ರಿಕಾದ್ದು ಒಂದೇ ಒಂದು, 1897ರಲ್ಲಿ ಬ್ರಿಟಿಷ್ ಸೈನ್ಯ ಸೂರೆ ಮಾಡಿ ಒಯ್ದ, ಈಗಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜ್ಯದ ಅರಮನೆಯ ಹಿತ್ತಾಳೆಯ ಫಲಕ; ಹೆಂಗಸರು ಮಾಡಿದ ಕಲೆಯಂತೂ ಇನ್ನೂ ಕಡಿಮೆ. ರದ್ದಿ ಅಂಗಡಿಯಲ್ಲಿ ಸಿಕ್ಕದ್ದೇ ಅಷ್ಟಾದ್ದರಿಂದ ಇದನ್ನು ಅವರ ತಪ್ಪೆಂದು ನಾನು ಭಾವಿಸುವುದಿಲ್ಲ. ಈಗಿನ ಅಧ್ಯಾಪಕರಿಗೆ ಆ ಕಷ್ಟವಿಲ್ಲ.

ಹೆಂಗಸರ ಕೈಯ ಕೆಲಸದ ಮಾತು ಬಂದದ್ದು ಒಂದು ಸಲ ಮಾತ್ರ, ಅದೂ ನಮ್ಮ ಸಹಪಾಠಿಯೊಬ್ಬಳಿಂದಾಗಿ. ಫ್ರಾನ್ಸಿನ ಬಾಯೂ ಪಟ್ಟಣದ, ಸುಮಾರು 70 ಮೀಟರ್ ಉದ್ದದ ಹನ್ನೊಂದನೆಯ ಶತಮಾನದ ಚಿತ್ರಪಟದ ಒಂದು ತುಣುಕನ್ನು ಆ ದಿನ ತೋರಿಸಿದ್ದರು. ನಾರ್ಮಂಡಿಯ ವಿಲಿಯಮ್ 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಕಥೆ ಅದರಲ್ಲಿದೆ. ನಾವು ನೋಡಿದ ತುಣುಕಿನಲ್ಲಿ ಜನ ಆಕಾಶದ ಕಡೆಗೆ ಬೆರಳು ತೋರಿಸುತ್ತಿದ್ದರು, ಮೇಲೆ ಬಾಲವಿರುವ ನಕ್ಷತ್ರ. ಅದು ಆ ವರ್ಷ ಕಾಣಿಸಿಕೊಂಡ ಹ್ಯಾಲಿ ಧೂಮಕೇತು. ನಾವೆಲ್ಲ ಧೂಮಕೇತುವಿನ ಸುತ್ತಲೇ ಬರೆಯುತ್ತಿದ್ದಾಗ, ಧಾರವಾಡ ಕಡೆಯ, ತಾಯಿಯ ಜೊತೆ ಕೂತು ಕಸೂತಿ ಹಾಕಿ ಬೆಳೆದ ಆ ಹುಡುಗಿ ರಟ್ಟಿನ ಹತ್ತಿರ ಬಹಳ ಹೊತ್ತು ನಿಂತು ನೋಡಿದಳು. ಪುಸ್ತಕಗಳಲ್ಲಿ ಅದನ್ನು ಟ್ಯಾಪೆಸ್ಟ್ರಿ, ಅಂದರೆ ನೇಯ್ದ ಪಟ ಎಂದು ಕರೆಯುತ್ತಾರೆ. ಗುರುಗಳೂ ಪಾಠ ಆರಂಭಿಸುವಾಗ ಹಾಗೆಯೇ ಕರೆದರು. “ಇದು ನೇಯ್ದದ್ದಲ್ರಿ ಸರ್, ಸೂಜೀಲೆ ಹಾಕಿದ್ದೈತ್ರಿ” ಎಂದು ಆಕೆ ಕುಳಿತಲ್ಲಿಂದಲೇ ಹೇಳಿದಳು. ಎಳೆ ಹೋದ ದಿಕ್ಕು, ಮೈ ತುಂಬಿದ ರೀತಿ, ಅಂಚಿನ ಹೊಲಿಗೆ ಇವನ್ನೆಲ್ಲ ಎದ್ದು ಬಂದು ಬೆರಳಿಟ್ಟು ತೋರಿಸಿದಳು. ಆಕೆ ಹೇಳಿದ್ದೇ ಸರಿ. ನಾರುಬಟ್ಟೆಯ ಮೇಲೆ ಬಣ್ಣದ ಉಣ್ಣೆಯ ದಾರದಿಂದ ಸೂಜಿಯಲ್ಲಿ ಹೊಲಿದ ಪಟವದು. ಹೆಸರಷ್ಟೇ ತಪ್ಪಾಗಿ ನಿಂತುಬಿಟ್ಟಿದೆ. ಆಮೇಲೆ ಆಕೆ ಇನ್ನೊಂದು ಮಾತು ಕೇಳಿದಳು. ನಮ್ಮ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ಬಗೆಯಾಗಿ ಕಾಣಬೇಕು, ಗಂಟು ಇರಬಾರದು. ಇದರ ಹಿಂಬದಿ ಹೇಗಿದೆ? ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಆ ಪ್ರಶ್ನೆಯನ್ನು ಎಂದೂ ಕೇಳಿಕೊಂಡಿಲ್ಲವೆಂದು ಇಡೀ ತರಗತಿಯ ಮುಂದೆ ಹೇಳಿದರು.

ಹೋದ ವರ್ಷ ಹಳೆಯ ವಿದ್ಯಾರ್ಥಿಗಳ ಸಭೆಗೆ ಬಂದಾಗ, ಗುರುಗಳು ನಿವೃತ್ತರಾಗುವ ಮುನ್ನ ಬಿಟ್ಟುಹೋದ ರಟ್ಟುಗಳು ಇತಿಹಾಸ ವಿಭಾಗದ ಅಲಮಾರಿಯಲ್ಲಿ ಎರಡು ಕಬ್ಬಿಣದ ಟ್ರಂಕುಗಳಲ್ಲಿ ಹಾಗೆಯೇ ಇರುವುದನ್ನು ಕಂಡೆ. ಕೆಳಗಿನ ಟ್ರಂಕಿಗೆ ಗೆದ್ದಲು ಹತ್ತಿರ ಬಂದಿದೆ. ಅದನ್ನು ನೆಲದಿಂದ ಎತ್ತಿ ಇಡಬೇಕೆಂದು ವಿಭಾಗದವರಲ್ಲಿ ಈ ಮೂಲಕ ಕೇಳಿಕೊಳ್ಳುತ್ತೇನೆ. ರಟ್ಟುಗಳನ್ನು ಒಂದೊಂದಾಗಿ ತೆಗೆದು ನೋಡುವಾಗ, ವಿದ್ಯಾರ್ಥಿಯಾಗಿದ್ದಾಗ ತಿಳಿದಿರದ ಒಂದು ಸಂಗತಿ ತಿಳಿಯಿತು. ಪ್ರತಿಯೊಂದರ ಹಿಂಬದಿಯಲ್ಲೂ ಗುರುಗಳು ಆ ಚಿತ್ರವನ್ನು ತೋರಿಸಿದ ತಾರೀಖನ್ನೂ, ಅದರ ಮುಂದೆ ಆ ದಿನ ವಿದ್ಯಾರ್ಥಿಯೊಬ್ಬರು ಹೇಳಿದ ಒಂದು ಮಾತನ್ನೂ ಮಸಿಪೆನ್ನಿನಲ್ಲಿ ಬರೆದಿಟ್ಟಿದ್ದಾರೆ. ಅರ್ನೊಲ್ಫಿನಿಯ ಹಿಂದೆ ನೆರಿಗೆಯ ಮಾತಿದೆ. ಬಾಯೂ ಪಟದ ಹಿಂದೆ ‘ಇದರ ಹಿಂಬದಿ ಹೇಗಿದೆ?’ ಎಂದಿದೆ; ಅದರ ಕೆಳಗೆ ಬೇರೆ ಮಸಿಯಲ್ಲಿ, ಎಂದೋ ಆಮೇಲೆ ಓದಿ ತಿಳಿದು ಬರೆದಂತೆ, ‘ಅಸ್ತರು ಹೊಲಿದು ಮುಚ್ಚಿದ್ದಾರೆ’ ಎಂದು ಸೇರಿಸಿದ್ದಾರೆ. ಬಹಳಷ್ಟು ರಟ್ಟುಗಳ ಹಿಂದೆ ಇನ್ನೂ ಬರೆಯಲು ಜಾಗವಿದೆ.