ಐದು ಸಾವಿರ ಪೌಂಡ್ ಸಾಲ, ಒಂದು ಚೋಟು ಕಡ್ಡಿ

ಸೀಳಿತು! ಹದಿನಾಲ್ಕನೇ ಕಡ್ಡಿ, ನಿನ್ನೆ ಸಂಜೆ, ತುದಿಯಿಂದ ಬುಡದವರೆಗೆ ನೆಟ್ಟಗೆ ಸೀಳಿತು. ಎರಡು ಹೋಳನ್ನೂ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಗೀರಿಗೆ ಗೀರು ಕೂಡಿಕೊಂಡಿತು. ನವೆಂಬರ್‌ನಿಂದ ಕಾಯುತ್ತಿದ್ದೆ ಈ ಒಂದು ಗಳಿಗೆಗೆ.

ಹೊಸಬರಿಗಾಗಿ ಎರಡು ಮಾತು. ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಏರ್ ನದಿಯ ದಂಡೆ ಹಿಡಿದು ನಡೆದರೆ ಕರ್ಕ್‌ಸ್ಟಾಲ್ ಮಠದ ಪಾಳು ಗೋಡೆಗಳು ಸಿಗುತ್ತವೆ. ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು 1152ರಲ್ಲಿ ಇಲ್ಲಿಗೆ ಬಂದು ನೆಲೆಸಿದರು. 1284ರ ಹೊತ್ತಿಗೆ ಮಠದ ಸಾಲ 5,248 ಪೌಂಡ್ 15 ಶಿಲ್ಲಿಂಗ್ 7 ಪೆನ್ನಿ. ಆ ಮೊತ್ತವನ್ನು ಆ ಕಾಲದವರ ಹಾಗೆ ಲೆಕ್ಕದ ಕಡ್ಡಿಯ ಮೇಲೆ ಕೊರೆಯಬೇಕು, ಆಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಬೇಕು. ಒಂದು ಹೋಳು ಕೊಟ್ಟವನಿಗೆ, ಇನ್ನೊಂದು ಪಡೆದವನಿಗೆ. ಎರಡನ್ನೂ ಕೂಡಿಸಿದರೆ ಲೆಕ್ಕ ಸರಿಯೋ ತಪ್ಪೋ ಎಂದು ಅಲ್ಲೇ ಗೊತ್ತಾಗುತ್ತದೆ. ನಿಜವಾಗಿ ಮಠದ ಸಾಲ ಹಲವರಲ್ಲಿ ಹಂಚಿಹೋಗಿತ್ತು, ಒಂದೇ ಕಡ್ಡಿಯಲ್ಲಿ ಇರಲಿಲ್ಲ. ಆದರೆ ಇಡೀ ಸಾಲವನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕು ಅನ್ನುವುದು ನನ್ನ ಆಸೆ.

ಆ ಮೊತ್ತ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಉಣ್ಣೆಯ ಲೆಕ್ಕ ಹಾಕಬೇಕು. ಇದೇ ಪಂಥದ ಫೌಂಟನ್ಸ್ ಮಠ 1276ರಲ್ಲಿ ಫ್ಲಾರೆನ್ಸ್‌ನ ವ್ಯಾಪಾರಿಗಳ ಜೊತೆ ಒಂದು ಕರಾರು ಮಾಡಿಕೊಂಡಿತು. ನಾಲ್ಕು ವರ್ಷದಲ್ಲಿ 62 ಮೂಟೆ ಉಣ್ಣೆ ಕೊಡುವುದು, 697½ ಮಾರ್ಕ್ ಮೊದಲೇ ತೆಗೆದುಕೊಳ್ಳುವುದು. ಮಾರ್ಕ್ ಅಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ಮೂಟೆಗೆ ಏಳೂವರೆ ಪೌಂಡ್ ಬಿತ್ತು. ಆ ದರದಲ್ಲಿ ಕರ್ಕ್‌ಸ್ಟಾಲ್‌ನ ಸಾಲ ಅಂದರೆ 700 ಮೂಟೆ. ಫೌಂಟನ್ಸ್‌ನ ಹತ್ತಿರ ವರ್ಷಕ್ಕೆ 76 ಮೂಟೆ ಸಿಗುತ್ತದೆ ಎಂದು ಪೆಗೊಲೊಟ್ಟಿ ಎಂಬ ಫ್ಲಾರೆನ್ಸ್ ವ್ಯಾಪಾರಿ ತನ್ನ ಪಟ್ಟಿಯಲ್ಲಿ ಬರೆದಿಟ್ಟಿದ್ದಾನೆ. ಅಂಥ ದೊಡ್ಡ ಮಠಕ್ಕೇ ಒಂಬತ್ತು ವರ್ಷದ ಉಣ್ಣೆ ಅದು. 1284ರಲ್ಲಿ ಕರ್ಕ್‌ಸ್ಟಾಲ್‌ನ ಕೊಟ್ಟಿಗೆಯಲ್ಲಿ ಇದ್ದದ್ದು 16 ಉಳುವ ಎತ್ತು, 84 ಹಸು, ಒಂದಷ್ಟು ಕರು, ಕತ್ತೆ. ಕುರಿ ಒಂದೂ ಇಲ್ಲ.

ಬೆಳೆಯದ ಉಣ್ಣೆಗೆ ಮುಂಗಡ ತೆಗೆದುಕೊಳ್ಳುವ ಕಾಲ ಅದು. 1270ರ ದಶಕದಲ್ಲಿ ಇಂಗ್ಲೆಂಡಿನ ಕುರಿಗಳಿಗೆ ಕಜ್ಜಿ ಬಂತು. ಉಣ್ಣೆ ಹೋಯಿತು, ಕರಾರು ಉಳಿಯಿತು. ಮಂಡಿಯಿಂದ ಮುಂಗಡ ತಂದ ವರ್ಷವೇ ತೋಟಕ್ಕೆ ಕೊಳೆ ಬಂದದ್ದನ್ನು ಕಂಡ ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಈಗ ಕಡ್ಡಿಗೆ ಬರುತ್ತೇನೆ. ಸಿಪ್ಪೆ ತೆಗೆಯುವುದು, ಚೌಕ ಮಾಡುವುದು ಎಲ್ಲ ನಿಮಗೆ ಗೊತ್ತು, ಬಿಡಿ. ಅಳತೆಗಳನ್ನು ರಾಜನ ಖಜಾಂಚಿ ರಿಚರ್ಡ್ ಫಿಟ್ಜ್‌ನೀಲ್ 1170ರ ದಶಕದ ಕೊನೆಯಲ್ಲೇ ಬರೆದಿಟ್ಟಿದ್ದಾನೆ. ಕಡ್ಡಿಯ ಉದ್ದ ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಯವರೆಗೆ. ನಮ್ಮ ಚೋಟು ಇದೇ! ನೂರು ಪೌಂಡಿಗೆ ಹೆಬ್ಬೆರಳಷ್ಟು ಅಗಲದ ಕಚ್ಚು. ಇಪ್ಪತ್ತು ಪೌಂಡಿಗೆ ಕಿರುಬೆರಳಷ್ಟು. ಒಂದು ಪೌಂಡಿಗೆ ಬಲಿತ ಬಾರ್ಲಿ ಕಾಳಿನಷ್ಟು. ಶಿಲ್ಲಿಂಗ್‌ಗೆ ಅದಕ್ಕಿಂತ ಸಣ್ಣದು. ಪೆನ್ನಿಗೆ ಬರೀ ಗೀರು, ಮರ ಒಂಚೂರೂ ಹೋಗಬಾರದು.

ಸಾವಿರ ಪೌಂಡಿಗೆ? ಅಂಗೈ. ಇಲ್ಲೇ ನಾನು ಎರಡು ತಿಂಗಳು ಸಿಕ್ಕಿಬಿದ್ದದ್ದು. ನನ್ನ ಅಂಗೈ ಅಗಲ 80 ಮಿಲಿಮೀಟರ್. ಐದು ಸಾವಿರಕ್ಕೆ ಐದು ಕಚ್ಚು ಅಂದರೆ 400 ಮಿಲಿಮೀಟರ್. ಕಡ್ಡಿ ಒಂದು ಚೋಟು ಹೋಗಿ ಒಂದು ಮೊಳ ಆಯಿತು. ಮೊಳದುದ್ದದ ಕಡ್ಡಿಯನ್ನು ಸೀಳಿ ನೋಡಿ, ಆಗ ಗೊತ್ತಾಗುತ್ತದೆ. ಅರ್ಧ ದಾರಿ ಚೆನ್ನಾಗಿ ಬರುತ್ತದೆ. ಆಮೇಲೆ ಸೀಳು ಮೆಲ್ಲಗೆ ಒಂದು ಕಡೆ ಜಾರಿ, ಮೂರನೇ ಕಚ್ಚಿನ ಹತ್ತಿರ ಹೊರಗೆ ಬಂದುಬಿಡುತ್ತದೆ. ಒಂದು ಹೋಳಿನಲ್ಲಿ ಐದು ಸಾವಿರ, ಇನ್ನೊಂದರಲ್ಲಿ ಎರಡೂವರೆ. ಒಂಬತ್ತು ಕಡ್ಡಿ ಹೀಗೇ ಹೋದವು.

ಒಂದು ರಾತ್ರಿ ಇಂಗ್ಲಿಷ್ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ಫಿಟ್ಜ್‌ನೀಲ್‌ನ ಲ್ಯಾಟಿನ್ ಸಾಲನ್ನು ಪದ ಪದವಾಗಿ ಬಿಡಿಸಿದೆ. ಅಲ್ಲಿರುವುದು ಅಂಗೈಯ ಅಗಲ ಅಲ್ಲ, ದಪ್ಪ! ಕೈಯನ್ನು ಮಗ್ಗುಲಾಗಿ ನಿಲ್ಲಿಸಿ ಅಳೆದೆ. 25 ಮಿಲಿಮೀಟರ್. ಐದಕ್ಕೆ 125, ನಡುವಿನ ಸಂದು ಸೇರಿ 137. ನನ್ನ ಚೋಟು 175. ಉಳಿದ 38 ಹಿಡಿಗೆ ಸಾಕು. ಇನ್ನೊಂದು ನಿಯಮವೂ ಅಲ್ಲೇ ಇದೆ: ಸಾವಿರ ಕೊರೆದ ಅಂಚಿನಲ್ಲಿ ನೂರು, ಇಪ್ಪತ್ತು ಯಾವುದನ್ನೂ ಕೊರೆಯುವಂತಿಲ್ಲ. ಅವೆಲ್ಲ ಎದುರು ಅಂಚಿಗೆ. ಅಲ್ಲಿ ಎರಡು ಹೆಬ್ಬೆರಳು, ಎರಡು ಕಿರುಬೆರಳು, ಎಂಟು ಬಾರ್ಲಿ ಕಾಳು, ಹದಿನೈದು ಶಿಲ್ಲಿಂಗ್, ಏಳು ಗೀರು. ಕೂಡಿಸಿದರೆ 133 ಮಿಲಿಮೀಟರ್. ಎರಡೂ ಅಂಚು ಹತ್ತಿರ ಹತ್ತಿರ ಒಂದೇ ಅಳತೆಗೆ ಬಂದವು. ಕುರ್ಚಿಯಿಂದ ಎದ್ದು ಮನೆಯೊಳಗೆ ಎರಡು ಸುತ್ತು ಹಾಕಿದೆ, ಅಷ್ಟು ಖುಷಿ.

ಅಳತೆ ಸರಿಹೋಯಿತು. ಸೀಳು ಮಾತ್ರ ಸರಿಹೋಗಲಿಲ್ಲ. ಚೋಟುದ್ದದ ಕಡ್ಡಿಯೂ ದಾರಿ ತಪ್ಪುತ್ತಿತ್ತು.

ಅದರಲ್ಲಿ ಅರ್ಧ ಪಾಲು ಮರದ್ದು. ಆಗಷ್ಟೇ ಕಡಿದ ಹೇಜಲ್ ಮರದ ಹಸಿ ಕೋಲು ಬೇಕು ಅಂತ ಸ್ಪಷ್ಟವಾಗಿ ಬರೆದು ಹಣ ಕಳಿಸಿದ್ದೆ. ಬಂದದ್ದು ಊರುಗೋಲಿಗೆಂದು ವರ್ಷಗಟ್ಟಲೆ ಒಣಗಿಸಿಟ್ಟ ಕೋಲು. ಹನ್ನೆರಡರಲ್ಲಿ ಏಳಕ್ಕೆ ಗಂಟು. ಮಾರಿದವರನ್ನು ಕೇಳಿದರೆ ‘ಮರ ಅಂದಮೇಲೆ ಗಂಟು ಇರುತ್ತದೆ’ ಅಂದರು. ಎರಡನೇ ಕಡೆ ತರಿಸಿದರೆ ಹಲಗೆಯಿಂದ ಗರಗಸದಲ್ಲಿ ಕುಯ್ದ ಚೌಕ ಪಟ್ಟಿ ಬಂತು. ಕುಯ್ದ ಪಟ್ಟಿಯಲ್ಲಿ ನಾರು ಓರೆಯಾಗಿ ಓಡಿರುತ್ತದೆ, ಸೀಳು ನಾರಿನ ಹಿಂದೆ ಹೋಗಿ ಪಕ್ಕಕ್ಕೆ ಬಿಡುತ್ತದೆ. ದಯವಿಟ್ಟು ಚೌಕ ಪಟ್ಟಿ ಕೊಳ್ಳಬೇಡಿ. ಕೊನೆಗೆ ಊರಾಚೆ ಕಾಡಿನಲ್ಲಿ ಹೇಜಲ್ ಪೊದೆ ಸವರುವ ಸ್ವಯಂಸೇವಕರ ಜೊತೆ ಒಂದು ಭಾನುವಾರ ದುಡಿದೆ. ಸಂಜೆ ಒಂದು ಹೊರೆ ಹಸಿ ಕೋಲು ಕೊಟ್ಟು ಕಳಿಸಿದರು. ಒಳ್ಳೆಯ ಜನ.

ಹಸಿ ಕೋಲೂ ಮೂರು ಹಾಳಾದವು. ಬೇಜಾರಾಗಿ ಅಪ್ಪಯ್ಯನಿಗೆ ಫೋನ್ ಮಾಡಿದಾಗ ಸುಮ್ನೆ ಹೇಳಿಕೊಂಡೆ. ಅವರು ಜೀವಮಾನವಿಡೀ ಅಡಿಕೆ ಮರ ಸೀಳಿ ದಬ್ಬೆ ಮಾಡಿದವರು, ಬೇಲಿಗೆ ಬಿದಿರು ಸೀಳಿದವರು.

‘ಬೆಣೆ ಇಟ್ಟು ಹೊಡೀತಾ ಹೋಗ್ತೀಯಾ?’ ಅಂತ ಕೇಳಿದರು.

‘ಹೌದು.’

‘ಹಾಗೆ ಮಾಡಿದ್ರೆ ಅದು ತನ್ನ ದಾರಿ ಹಿಡೀತದೆ. ಬಾಯಿ ಬಿಟ್ಟ ಕೂಡಲೇ ಕೊಡತಿ ಕೆಳಗಿಡು. ಕೈಯಲ್ಲೇ ಬಿಡಿಸ್ತಾ ಬಾ. ಯಾವ ಕಡೆ ತೆಳ್ಳಗಾಗ್ತದೆ ನೋಡು. ದಪ್ಪ ಇರೋ ಕಡೆಯನ್ನ ಬಗ್ಗಿಸು. ಸೀಳು ವಾಪಸ್ ನಡುವಿಗೆ ಬರ್ತದೆ.’

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಯಾರ ಸಾಲ ಮಗಾ ಅದು?’

‘ಏಳುನೂರು ವರ್ಷದ ಹಿಂದಿನ ಒಂದು ಮಠದ್ದು, ಅಪ್ಪಯ್ಯ.’

‘ತೀರಿತಾ ಕೊನೆಗೆ?’

ನಿನ್ನೆ ಅವರು ಹೇಳಿದ ಹಾಗೇ ಮಾಡಿದೆ. ಹಿಡಿಯ ಹತ್ತಿರ ಗರಗಸದಿಂದ ಅರ್ಧ ದಪ್ಪದವರೆಗೆ ಅಡ್ಡ ಕೊಯ್ದೆ. ಎದುರು ತುದಿಯಲ್ಲಿ, ತಿರುಳಿನ ಮೇಲೇ ಚಾಕು ಇಟ್ಟು ಒಂದೇ ಪೆಟ್ಟು. ಆಮೇಲೆ ಎರಡು ಹೆಬ್ಬೆರಳು ಸೀಳಿನೊಳಗೆ ಇಟ್ಟು ಮೆಲ್ಲಗೆ ಬಿಡಿಸುತ್ತಾ ಬಂದೆ. ಎರಡನೇ ಸಾವಿರದ ಹತ್ತಿರ ಸೀಳು ಎಡಕ್ಕೆ ವಾಲಿತು. ಬಲಗಡೆ ಹೋಳು ದಪ್ಪ ಇತ್ತು, ಅದನ್ನು ಬಗ್ಗಿಸಿದೆ. ಕಣ್ಣೆದುರೇ ಸೀಳು ತಿರುಗಿ ತಿರುಳಿಗೆ ಬಂತು! ನಾಲ್ಕನೇ ಸಾವಿರದಲ್ಲಿ ಇನ್ನೊಂದು ಸಲ. ಅಡ್ಡ ಕೊಯ್ದ ಜಾಗಕ್ಕೆ ಬಂದು ಟಪ್ ಅಂತ ಬಿಟ್ಟಿತು. ಹಿಡಿಯಿರುವ ಉದ್ದನೆಯ ಹೋಳು ಸಾಲ ಕೊಟ್ಟವನದು. ಅದಕ್ಕೆ ಸ್ಟಾಕ್ ಅನ್ನುತ್ತಿದ್ದರು. ಗಿಡ್ಡದ್ದು ಮಠದ್ದು. ಐದು ಸಾವಿರದ ಕಚ್ಚುಗಳಲ್ಲಿ ಬೆರಳು ಆಡಿಸಿದರೆ ಅಷ್ಟೂ ಕಡೆ ಮರವೇ ಇಲ್ಲ, ಬರೀ ಹಳ್ಳ.

ಮುಂದಿನ ಕೆಲಸವೂ ತಲೆಯಲ್ಲಿ ಕೂತಾಗಿದೆ. ಲೆಕ್ಕದ ಹಾಸು. ರಾಜನ ಖಜಾನೆಯ ಮೇಜು ಹತ್ತಡಿ ಉದ್ದ, ಐದಡಿ ಅಗಲ. ಮೇಲೆ ಗೆರೆ ಹಾಕಿದ ಕಪ್ಪು ಬಟ್ಟೆ, ಅದರ ಮೇಲೆ ಬಿಲ್ಲೆಗಳನ್ನು ಸರಿಸಿ ಕೂಡುವುದು, ಕಳೆಯುವುದು. ನಮ್ಮ ಚೌಕಾಬಾರದ ಮನೆಗಳನ್ನು ದೊಡ್ಡದು ಮಾಡಿದ ಹಾಗೆ. ನನ್ನ ಊಟದ ಮೇಜು ನಾಲ್ಕಡಿ, ಹಾಗಾಗಿ ಅದಕ್ಕೆ ಹೊಂದುವ ಚಿಕ್ಕ ಅಳತೆಯಲ್ಲಿ ಮಾಡಬೇಕು ಅಂತಿದ್ದೇನೆ. ಬಿಲ್ಲೆಗೆ ಯಾರಾದರೂ ಹಿತ್ತಾಳೆ ತಗಡು ಬಳಸಿದ್ದರೆ ಎಷ್ಟು ದಪ್ಪದ್ದು ಅಂತ ತಿಳಿಸಿ.

ಅದಕ್ಕೂ ಮೊದಲು ಅಪ್ಪಯ್ಯನ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ಸಾಲ ಪೂರ್ತಿ ತೀರಲಿಲ್ಲ, ಆದರೆ ಬಹುಪಾಲು ತೀರಿತು. ಹ್ಯೂ ಆಫ್ ಗ್ರಿಮ್‌ಸ್ಟನ್ ಎಂಬ ಮಠಾಧಿಪತಿ ಹಟ ಹಿಡಿದು ಕೂತ. 1287ರಲ್ಲಿ, ಫ್ರಾನ್ಸಿನ ಗ್ಯಾಸ್ಕನಿಯಲ್ಲಿ ಬೀಡುಬಿಟ್ಟಿದ್ದ ರಾಜ 1ನೇ ಎಡ್ವರ್ಡ್‌ನ ಹತ್ತಿರ ತಾನೇ ಹೋದ. ಲಿಂಕನ್ ಸೀಮೆಯ ಅರ್ಲ್ ಎಂಬ ಸರದಾರನಿಗೆ ಮಠದ ಒಂದಷ್ಟು ಭೂಮಿ ಬಿಟ್ಟುಕೊಟ್ಟು, ಬದಲಿಗೆ ವರ್ಷಕ್ಕಿಷ್ಟು ನಗದು ಅಂತ ಗೊತ್ತು ಮಾಡಿಕೊಂಡ. ಮತ್ತೆ ಮಂದೆ ಕಟ್ಟಿದರು. 1301ರಲ್ಲಿ ಲೆಕ್ಕ ನೋಡಿದಾಗ 216 ಎತ್ತು, 160 ಹಸು, ಕುರಿ ಮರಿ ಸೇರಿ 4,000. ಸಾಲ 160 ಪೌಂಡ್.

ಇವತ್ತು ಬೆಳಿಗ್ಗೆ ಅದೇ ಹೊರೆಯಿಂದ ಇನ್ನೊಂದು ಕೋಲು ತೆಗೆದು 160 ಕೊರೆದೆ. ಒಂದು ಅಂಚಿನಲ್ಲಿ ಒಂದು ಹೆಬ್ಬೆರಳು, ಎದುರಿನಲ್ಲಿ ಮೂರು ಕಿರುಬೆರಳು. ಒಟ್ಟು ನಾಲ್ಕೇ ಕಚ್ಚು. ಬಗ್ಗಿಸುವ ಕೆಲಸವೂ ಬೀಳಲಿಲ್ಲ, ಮೊದಲ ಸಲಕ್ಕೇ ನೆಟ್ಟಗೆ ಸೀಳಿತು. ಎರಡೂ ಕಡ್ಡಿ ಪಕ್ಕಪಕ್ಕ ಇಟ್ಟು ಅಪ್ಪಯ್ಯನಿಗೆ ಫೋಟೋ ಕಳಿಸಿದ್ದೇನೆ.